ವಿಮರ್ಶೆಯಲ್ಲಿ ಇಲ್ಲದ ಹೆಸರು

ಪುಸ್ತಕ ಕೈಗೆ ಬಂದಾಗ ಮಾಲಾ ಅದನ್ನು ಮೊದಲ ಪುಟದಿಂದ ಓದಲಿಲ್ಲ. ಹಾಳೆಗಳನ್ನು ಸರಸರನೆ ಮಗುಚುತ್ತ ಅಪ್ಪನ ಹೆಸರನ್ನು ಹುಡುಕಿದಳು.

ಪುಸ್ತಕದ ಹೆಸರು ‘ನನ್ನ ಕಿವಿ ಮತ್ತು ನಾನು’. ಬರೆದವರು ವಾಗೀಶ. ಮೈಸೂರಿನ ಪತ್ರಿಕೆಯೊಂದರಲ್ಲಿ ಯೌವನದಿಂದ ಮುಪ್ಪಿನವರೆಗೂ ವಾರವಾರ ಸಂಗೀತದ ಅಂಕಣ ಬರೆದವರು. ಯಾವ ಕಛೇರಿ ರಂಗೇರಿತು, ಯಾರ ಶ್ರುತಿ ಸಡಿಲವಾಗಿತ್ತು ಎಂಬುದನ್ನು ಅವರು ಬರೆದ ಮೇಲೆಯೇ ಊರು ಒಪ್ಪುತ್ತಿದ್ದ ಕಾಲವೊಂದಿತ್ತು. ಅವರ ಅಜ್ಜ ಅರಮನೆಯಲ್ಲಿ ವಿದ್ವಾಂಸರಾಗಿದ್ದವರು. ಈಗ ವಾಗೀಶರಿಗೆ ಎಂಬತ್ತರ ಹತ್ತಿರ ಹತ್ತಿರ ವಯಸ್ಸು. ತಮ್ಮದೇ ಖರ್ಚಿನಲ್ಲಿ ಆತ್ಮಕಥೆ ಅಚ್ಚು ಹಾಕಿಸಿದ್ದರು.

ಮಾಲಾ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಬೇರೊಂದು ಪತ್ರಿಕೆಯ ಭಾನುವಾರದ ಪುರವಣಿಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದಳು. ಆ ಪುರವಣಿಯನ್ನು ನೋಡಿಕೊಳ್ಳುತ್ತಿದ್ದ ನಾಗೇಂದ್ರ ಪುಸ್ತಕವನ್ನು ಅವಳ ಕೈಗಿಡುವಾಗಲೇ ನಕ್ಕಿದ್ದ. “ಮೇಡಂ, ಇದು ನಿಮ್ಮ ಕೈಯಲ್ಲೇ ಆಗ್ಬೇಕು. ಸ್ವಲ್ಪ ಉಪ್ಪು ಖಾರ ಹಾಕಿ ಬರೀರಿ.”

ನಾಗೇಂದ್ರನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮಾಲಾಳ ಅಪ್ಪ ಸಿದ್ದಪ್ಪಾಜಿ ಮೈಸೂರಿನದೇ ಉದಯಗಿರಿಯ ಬ್ಯಾಂಡ್‌ಸೆಟ್ಟೊಂದರಲ್ಲಿ ಕ್ಲಾರಿಯೋನೆಟ್ ನುಡಿಸುತ್ತಿದ್ದರು. ಮದುವೆ, ಮೆರವಣಿಗೆ, ದೊಡ್ಡವರ ಮನೆಯ ಸಾವು, ಎಲ್ಲಕ್ಕೂ ಹೋಗುತ್ತಿದ್ದರು. ಮಾಲಾ ಚಿಕ್ಕವಳಿದ್ದಾಗ ಒಂದು ಮದುವೆಯಲ್ಲಿ ವಾಗೀಶರು ಅವರ ವಾದನ ಕೇಳಿ, ಮುಂದಿನ ವಾರದ ಅಂಕಣವನ್ನು ಅವರೊಬ್ಬರಿಗೇ ಮೀಸಲಿಟ್ಟಿದ್ದರು. ಬ್ಯಾಂಡಿನವನೊಬ್ಬನ ಹೆಸರು ಸಂಗೀತದ ಅಂಕಣದಲ್ಲಿ ಬಂದಿತ್ತು! ವಠಾರದವರೆಲ್ಲ ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸಿ ಮುದ್ದೆ ಮಾಡಿದ್ದರು. ಅದರಿಂದಲೇ ಅಪ್ಪನಿಗೆ ರೇಡಿಯೋದಲ್ಲಿ ನುಡಿಸುವ ಅವಕಾಶವೂ ಸಿಕ್ಕಿತು. ಅದೊಂದೇ ಸಲ. ಆ ದಿನ ಬೀದಿಯವರೆಲ್ಲ ಟೈಲರ್ ಅಂಗಡಿಯ ರೇಡಿಯೋ ಮುಂದೆ ನಿಂತು ಕೇಳಿದ್ದರು. ರೆಕಾರ್ಡ್ ಮಾಡಿಟ್ಟುಕೊಳ್ಳುವ ಸಲಕರಣೆ ಯಾರ ಬಳಿಯೂ ಇರಲಿಲ್ಲ. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಅವರ ವಾದನ ಈಗ ಎಲ್ಲಿಯೂ ಇಲ್ಲ.

ಆ ಮದುವೆಯ ಪ್ರಸಂಗ ಪುಸ್ತಕದಲ್ಲಿ ಸಿಕ್ಕಿತು. ಅಧ್ಯಾಯದ ಹೆಸರು ‘ನಾನು ಮುರಿದ ಗೋಡೆ’. ಅಪ್ಪನ ಹೆಸರು ಮಾತ್ರ ಇರಲಿಲ್ಲ.

‘ಒಬ್ಬ ಬ್ಯಾಂಡ್‌ಸೆಟ್ಟಿನವನು’ ಎಂದಿತ್ತು. ಮುಂದೆ ‘ಆ ಬಡಪಾಯಿ’ ಎಂದಾಯಿತು. ‘ನನ್ನ ತಾಯಿಯ ವಿರೋಧವನ್ನೂ ಲೆಕ್ಕಿಸದೆ ನಾನು ಆ ಬಡಪಾಯಿಯನ್ನು ಮನೆಗೆ ಕರೆಸಿ, ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಕೂರಿಸಿಕೊಂಡು, ನಾನು ಕುಡಿಯುವಂಥದೇ ಲೋಟದಲ್ಲಿ ಕಾಫಿ ಕೊಡಿಸಿದೆ. ಅವನ ಕಣ್ಣಲ್ಲಿ ನೀರಾಡಿತು. ಅಂದು ನಮ್ಮ ಬೀದಿಯಲ್ಲಿ ನಾನು ಒಂದು ಸದ್ದಿಲ್ಲದ ಕ್ರಾಂತಿಯನ್ನೇ ಮಾಡಿದ್ದೆ.’

ಮಾಲಾಳ ಕಿವಿ ಬಿಸಿಯಾಯಿತು. ಆ ಜಗಲಿಯ ಮೇಲೆ ಅಪ್ಪನ ತೊಡೆಗೆ ಒತ್ತಿಕೊಂಡು ಅವಳೂ ಕೂತಿದ್ದಳು. ಅಪ್ಪ ಅತ್ತಿರಲಿಲ್ಲ. ಊರಿನ ಹೆಸರಾಂತ ಕಲಾವಿದರ ಬಗ್ಗೆ ವಾಗೀಶರು ಹೇಳಿದ ಯಾವುದೋ ತಮಾಷೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕಾಫಿ ಕೊಟ್ಟದ್ದು ನಿಜ. ಪಕ್ಕದಲ್ಲಿ ಕೂತದ್ದೂ ನಿಜ. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ ಎಂಬುದೂ ನಿಜ. ನಿಜವಾದದ್ದನ್ನೇ ಹೇಳಿದರೂ ಇಷ್ಟು ಹೇಸಿಗೆಯಾಗುವಂತೆ ಹೇಳಬಹುದೇ ಎಂದು ಅವಳಿಗೆ ಅಚ್ಚರಿಯಾಯಿತು.

ಆದರೆ ಅದೇ ಅಧ್ಯಾಯದ ನಡುವೆ ಇನ್ನೊಂದು ಪುಟವಿತ್ತು. ವರನ ಕಾರು ಕೆಟ್ಟು ಮೆರವಣಿಗೆ ರಸ್ತೆಯಲ್ಲೇ ನಿಂತಿದೆ. ಬ್ಯಾಂಡಿನವರು ಬೀಡಿ ಹಚ್ಚಿ ಕೂತಿದ್ದಾರೆ. ಒಬ್ಬ ಮಾತ್ರ ಕಾಂಪೌಂಡಿಗೆ ಒರಗಿ ತನ್ನಷ್ಟಕ್ಕೆ ಮುಖಾರಿ ನುಡಿಸುತ್ತಿದ್ದಾನೆ. ‘ಕ್ಲಾರಿಯೋನೆಟ್ಟಿನ ದನಿ ಮೇಲಕ್ಕೆ ಹೋಗಲಿಲ್ಲ. ಕೆಳಗೇ, ಷಡ್ಜದ ಹತ್ತಿರವೇ ಸುಳಿದಾಡಿತು. ಹೊಸಬರು ಯಾರದೋ ಮನೆಯ ಹೊಸ್ತಿಲಲ್ಲಿ ನಿಂತು ಒಳಗೆ ಕಾಲಿಡಲು ಹಿಂಜರಿಯುವ ಹಾಗೆ. ಆಮೇಲೆ ಯಾರೋ ಬಾ ಎಂದಂತೆ ರಿಷಭಕ್ಕೆ ಬಂದು ಕೂತಿತು. ಉಸಿರು ಮುಗಿಯುವ ಹೊತ್ತಿಗೆ ಸ್ವರಕ್ಕಿಂತ ಗಾಳಿಯೇ ಹೆಚ್ಚು ಕೇಳುತ್ತಿತ್ತು. ಆ ಗಾಳಿಯೂ ಶ್ರುತಿಯಲ್ಲಿತ್ತು.’

ಮಾಲಾ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಬೆಳಗಿನ ಹೊತ್ತು ವಠಾರದ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅಪ್ಪ ನುಡಿಸುತ್ತಿದ್ದದ್ದು ಹಾಗೆಯೇ ಇತ್ತು. ಆ ಗಾಳಿಯ ಸದ್ದನ್ನು ಅವಳು ಮರೆತೇಬಿಟ್ಟಿದ್ದಳು. ಪುಸ್ತಕವಿಡೀ ‘ನಾನು, ನಾನು’ ಎಂದು ಎದೆ ತಟ್ಟಿಕೊಂಡ ಮನುಷ್ಯ ಈ ಒಂದು ಪುಟದಲ್ಲಿ ತನ್ನ ಹೆಸರೆತ್ತಿರಲಿಲ್ಲ, ಬರೀ ಕೇಳಿದ್ದ. ಅವಳಿಗೆ ಆ ಮುದುಕನ ಕಾಲಿಗೆ ಬೀಳಬೇಕೆನ್ನಿಸಿತು. ಪುಟ ತಿರುಗಿಸಿ ಮತ್ತೆ ‘ಬಡಪಾಯಿ’ ಕಂಡಾಗ ಪುಸ್ತಕವನ್ನು ಒಲೆಗೆ ಹಾಕಬೇಕೆನ್ನಿಸಿತು.

ವಿಮರ್ಶೆ ಬರೆಯಲು ಕೂತಾಗ ಇವೆರಡರಲ್ಲಿ ಒಂದನ್ನೂ ಬರೆಯಲಿಲ್ಲ. ತಮಾಷೆಯ ದಾರಿ ಹಿಡಿದಳು. ಆಡಿಕೊಳ್ಳುವುದೆಲ್ಲ ಹೊಗಳಿಕೆಯ ವೇಷ ತೊಟ್ಟು ಬಂತು.

‘ಶ್ರೀ ವಾಗೀಶರು ಹುಟ್ಟುವ ಮೊದಲೂ ಮೈಸೂರಿನಲ್ಲಿ ಸಂಗೀತವಿತ್ತೆಂದು ಕೆಲವರು ಹೇಳುವುದುಂಟು. ಈ ಪುಸ್ತಕ ಓದಿದ ಮೇಲೆ ಅದನ್ನು ನಂಬುವುದು ಕಷ್ಟ. ಕಛೇರಿಗಳಲ್ಲಿ ವೇದಿಕೆಯನ್ನು ಮೊದಲ ಸಾಲಿನ ಅವರ ಕುರ್ಚಿಗೆ ಎದುರಾಗಿಯೇ ಏಕೆ ಹಾಕುತ್ತಾರೆಂಬುದೂ ಈಗ ತಿಳಿಯಿತು. ಹಾಡಿದವರೆಲ್ಲ ಹಾಡಿ ಮರೆಯಾದರು. ಕೇಳಿದವರೊಬ್ಬರು ನಮ್ಮ ಪುಣ್ಯಕ್ಕೆ ಉಳಿದಿದ್ದಾರೆ. ಇಂಥ ಕಿವಿಯೊಂದನ್ನು ಪಡೆದದ್ದಕ್ಕೆ ರಾಗಗಳು ಋಣಿಯಾಗಿರಬೇಕು.’

ಹೀಗೇ ಕೊನೆಯವರೆಗೂ ಸಾಗಿತ್ತು. ಬರೆಯುವಾಗ ಅವಳು ಒಬ್ಬಳೇ ಕೂತು ನಕ್ಕಿದ್ದೂ ಉಂಟು.

ಭಾನುವಾರ ಬೆಳಗ್ಗೆ ಪತ್ರಿಕೆ ಬಂದಾಗಿನಿಂದ ಫೋನ್ ಸುಮ್ಮನಿರಲಿಲ್ಲ. ‘ಏನ್ ಮೇಡಂ, ಹೂವಿನಲ್ಲೇ ಹೊಡೆದುಬಿಟ್ರಿ’ ಎಂದು ನಾಗೇಂದ್ರ ಮೆಸೇಜು ಹಾಕಿದ. ಸೋಮವಾರ ಸ್ಟಾಫ್‌ರೂಮಿನಲ್ಲಿ ಇತಿಹಾಸದ ಗೋವಿಂದರಾಜು ಪುರವಣಿ ಬಿಡಿಸಿಕೊಂಡು ಗಟ್ಟಿಯಾಗಿ ಓದಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಲಾ ಟೀ ಹೀರುತ್ತ, ಏನೂ ಆಗದವಳಂತೆ ಕೂತಿದ್ದಳು. ಒಳಗೊಳಗೆ ಖುಷಿಯಾಗಿತ್ತು.

ಸಂಜೆ ಸಿದ್ಧಾರ್ಥನಗರದ ಮನೆಗೆ ಬಂದಾಗ ಅವಳ ತಾಯಿ ಪುಟ್ಟಲಿಂಗಮ್ಮ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

“ಪಕ್ಕದ್ಮನೆಯವ್ರು ಅಂದ್ರು, ನೀನು ಪೇಪರ್ನಾಗೆ ಬರ್ದಿದ್ದೀಯಂತಲ್ಲ, ಆ ವಾಗೀಶಪ್ಪಾರ ಬುಕ್ಕಿನ್ ಇಸ್ಯ. ಅದೇನು ಒಸಿ ಓದವ್ವ.”

ಮಾಲಾ ಓದಿದಳು. ಸ್ಟಾಫ್‌ರೂಮಿನಲ್ಲಿ ನಗು ಬಂದ ಜಾಗಗಳಲ್ಲಿ ಅವ್ವ ನಗಲಿಲ್ಲ. ಸುಲಿದ ಕಾಳನ್ನು ಬೆರಳಿನಿಂದ ಕೆದಕುತ್ತ ಕೇಳಿಸಿಕೊಂಡಳು. ಮುಗಿದ ಮೇಲೂ ಇನ್ನೂ ಏನೋ ಇದೆ ಎಂಬಂತೆ ಕಾದಳು.

“ಅಷ್ಟೇನಾ?”

“ಅಷ್ಟೇ ಕಣವ್ವ.”

“ನಿಮ್ಮಪ್ಪನ್ ಇಸ್ಯ ಬರ್ನೇ ಇಲ್ವಲ್ಲ.”

“ಆ ಪುಸ್ತಕದಲ್ಲಿ ಅಪ್ಪನ ಹೆಸರೇ ಇಲ್ಲ ಕಣವ್ವ. ಬ್ಯಾಂಡ್‌ಸೆಟ್ಟಿನವನು ಅಂತ ಬರೆದವ್ರೆ. ಬಡಪಾಯಿಯಂತೆ. ನನಗೆ ಮೈಯೆಲ್ಲ ಉರಿದುಹೋಯ್ತು.”

“ಅವ್ರು ಬರೀನಿಲ್ಲ, ಸರಿ.” ಅವ್ವನ ದನಿಯಲ್ಲಿ ಕೋಪವಿರಲಿಲ್ಲ. ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು. “ನೀನ್ಯಾಕವ್ವ ಬರೀನಿಲ್ಲ?”

ಮಾಲಾ ಬಟ್ಟೆ ಬದಲಾಯಿಸಿ ಬರುತ್ತೇನೆಂದು ಒಳಗೆ ಹೋಗಿ ಮಂಚದ ಮೇಲೆ ಕೂತಳು.

ಉತ್ತರ ಅವಳಿಗೆ ಗೊತ್ತಿತ್ತು. ಕಾಲೇಜಿಗೆ ಸೇರಿದ ಹೊಸದರಲ್ಲಿ ಗೋವಿಂದರಾಜು ‘ತಂದೆಯವರು ಏನ್ ಮಾಡ್ತಿದ್ರು ಮೇಡಂ?’ ಎಂದು ಕೇಳಿದ್ದರು. ‘ಸಂಗೀತ ಕಲಾವಿದರು’ ಎಂದಿದ್ದಳು. ‘ಓಹೋ, ಕ್ಲಾಸಿಕಲ್ಲಾ? ಯಾವ ವಾದ್ಯ?’ ‘ವಿಂಡ್ ಇನ್‌ಸ್ಟ್ರುಮೆಂಟು’ ಎಂದು ಇಂಗ್ಲಿಷಿನ ಮರೆಗೆ ಸರಿದಿದ್ದಳು. ಅಂದಿನಿಂದ ಸ್ಟಾಫ್‌ರೂಮಿನಲ್ಲಿ ಅವಳು ವಿದ್ವಾಂಸರ ಮಗಳು. ಯಾರೂ ಅಲ್ಲವೆಂದಿರಲಿಲ್ಲ, ಅವಳೂ ಅಲ್ಲವೆಂದಿರಲಿಲ್ಲ. ಜಾತಿಯನ್ನು ಅವಳು ಎಂದೂ ಮುಚ್ಚಿಟ್ಟಿರಲಿಲ್ಲ. ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು, ಜಾತಿಯ ಬಗ್ಗೆ ವೇದಿಕೆ ಹತ್ತಿ ಭಾಷಣ ಮಾಡಿದ್ದಳು. ಬಾಯಿಗೆ ಬಾರದೆ ಉಳಿದದ್ದು ಬ್ಯಾಂಡ್‌ಸೆಟ್ ಎಂಬ ಒಂದು ಮಾತು. ಸಹೋದ್ಯೋಗಿಯೊಬ್ಬರ ಮಗಳ ಮದುವೆಯಲ್ಲಿ ಕೆಂಪು ಕೋಟು ತೊಟ್ಟು, ಹೆಗಲ ಮೇಲೆ ಜರಿಯ ಪಟ್ಟಿ ಹಚ್ಚಿಕೊಂಡ ಬ್ಯಾಂಡಿನವರು ಬಂದಾಗ ಎಲ್ಲರೂ ಬಾಗಿಲಿಗೆ ಓಡಿದರೆ ಅವಳು ಊಟದ ಹಾಲಿಗೆ ಹೋಗಿ ಕೂತಿದ್ದಳು. ಅವರಲ್ಲಿ ಅಪ್ಪನ ಜೊತೆಗಾರರು ಯಾರಾದರೂ ಇದ್ದು ‘ಏನವ್ವ ಮಾಲಾ’ ಎಂದುಬಿಟ್ಟರೆ ಎಂಬ ಹೆದರಿಕೆ.

ವಾಗೀಶರು ಒಂದು ಹೆಸರನ್ನು ನುಂಗಿದರೆಂದು ಸಿಟ್ಟು ಮಾಡಿಕೊಂಡವಳು, ಅದೇ ಹೆಸರನ್ನು ತಾನೂ ನುಂಗಿಕೊಂಡು ಬಂದಿದ್ದಳು.

ಮರುದಿನ ವಾಗೀಶರೇ ಫೋನ್ ಮಾಡಿದರು. ಕಿವಿ ಮಂದವಾದವರ ಹಾಗೆ ಕೂಗಿ ಮಾತಾಡುತ್ತಿದ್ದರು.

“ಮಾಲಾ ಅವರೇನಮ್ಮ? ನಾನು ವಾಗೀಶ. ಏನಮ್ಮಾ ಇದು! ಇಷ್ಟು ವರ್ಷದಲ್ಲಿ ನನ್ನನ್ನ ಸರಿಯಾಗಿ ಅರ್ಥ ಮಾಡ್ಕೊಂಡೋರು ನೀವೊಬ್ರೇ ಕಣಮ್ಮ! ‘ರಾಗಗಳು ಋಣಿಯಾಗಿರಬೇಕು’... ಆಹಾ! ಎಂಥಾ ಮಾತು! ಜೆರಾಕ್ಸ್ ಮಾಡಿಸಿ ವಾಕಿಂಗ್‌ಗೆ ಬರೋರಿಗೆಲ್ಲಾ ಕೊಟ್ಟೆ. ಎಲ್ಲರೂ ನಗ್ತಾರೆ, ಖುಷಿಪಡ್ತಾರೆ. ಮುಂದಿನ ಭಾನುವಾರ ಸಾಯಂಕಾಲ ನನಗೊಂದು ಸನ್ಮಾನ ಇಟ್ಕೊಂಡಿದಾರೆ. ನೀವು ಬರ್ಲೇಬೇಕು. ನಿಮ್ಮ ವಿಮರ್ಶೆನ ನಾನೇ ಸಭೇಲಿ ಓದ್ತೀನಿ!”

ಮಾಲಾ “ಸರ್, ಅದು...” ಎಂದಳು.

“ಕೇಳಿಸ್ತಾ ಇಲ್ಲಮ್ಮ! ಬಂದ್ಬುಡಿ!” ಫೋನ್ ಇಟ್ಟರು.

ಎಲ್ಲರೂ ನಗುತ್ತಾರೆ, ಖುಷಿಪಡುತ್ತಾರೆ. ಆ ಮಾತು ಅವಳನ್ನು ಚುಚ್ಚಿತು. ಬೆಳಗಿನ ಬಿಸಿಲಿನಲ್ಲಿ ಆ ಮುದುಕ ಒಬ್ಬೊಬ್ಬರನ್ನೂ ನಿಲ್ಲಿಸಿ, ತನ್ನನ್ನೇ ಹಂಗಿಸುವ ಹಾಳೆಯನ್ನು ಹೆಮ್ಮೆಯಿಂದ ಹಂಚುವುದು ಕಣ್ಣ ಮುಂದೆ ಬಂತು. ಹಾಳೆಯ ಕೆಳಗೆ ಅವಳ ಹೆಸರು. ಕಾಲೇಜಿಗೆ ರಜೆ ಹೇಳಿ ಆಟೋ ಹತ್ತಿ ಚಾಮರಾಜಪುರಂನ ವಾಗೀಶರ ಮನೆಗೆ ಹೋದಳು. ಇದು ಹೊಗಳಿಕೆಯಲ್ಲ ಎಂದು ಹೇಳಿ, ಬೈದರೆ ಬೈಸಿಕೊಂಡು ಬರುವುದು ಅವಳ ಯೋಚನೆ.

ಜಗಲಿ ಅಲ್ಲೇ ಇತ್ತು; ಗ್ರಿಲ್ ಹಾಕಿಸಿದ್ದರು. ಬಾಗಿಲು ತೆರೆದವರು ವಾಗೀಶರ ಹೆಂಡತಿ ಭಾನುಮತಿ. ತೆಳ್ಳಗಿನ, ನೇರ ನಿಲುವಿನ ಹೆಂಗಸು. ಮಾಲಾ ಹೆಸರು ಹೇಳಿದ ಕೂಡಲೇ ಅವರ ಮುಖ ಗಂಟಿಕ್ಕಿತು.

“ಅವರು ಬ್ಯಾಂಕಿಗೆ ಹೋಗಿದಾರೆ. ಬಾಮ್ಮ, ಕೂತ್ಕೋ.”

ಒಳಗೆ ಕೂತ ಮೇಲೆ ಭಾನುಮತಿಯೇ ಶುರು ಮಾಡಿದರು.

“ನನಗೆ ಎರಡನೇ ಸಾಲಿಗೇ ಗೊತ್ತಾಯ್ತು. ನಗುವೂ ಬಂತು, ಸುಳ್ಳು ಯಾಕೆ ಹೇಳ್ಲಿ? ಆ ಕುರ್ಚಿ ವಿಷಯ ಚೆನ್ನಾಗಿ ಬರೆದಿದ್ದೀಯ. ಆಮೇಲೆ ಅವರು ಅದನ್ನ ಎದೆಗೆ ಒತ್ಕೊಂಡು ಓಡಾಡೋದು ನೋಡಿ ನಿನ್ನ ಮೇಲೆ ಬಹಳ ಕೋಪ ಬಂತು.”

“ಅದನ್ನೇ ಹೇಳೋಕೆ ಬಂದೆ ಅಮ್ಮ. ಅವರಿಗೆ ನಿಜ ಹೇಳಿ ಕ್ಷಮೆ ಕೇಳ್ಬೇಕು.”

“ಕೂಡದು.” ಭಾನುಮತಿ ಕೈ ಅಡ್ಡ ಹಿಡಿದರು. “ನಿನ್ನ ಮನಸ್ಸು ಹಗುರ ಆಗುತ್ತೆ. ಅವರ ಗತಿ? ಕಿವಿ ಕೇಳಿಸದೆ ಎಷ್ಟು ವರ್ಷ ಆಯ್ತು ಗೊತ್ತಾ? ಮಿಷನ್ ಹಾಕ್ಕೊಂಡ್ರೆ ತಂಬೂರಿ ಗರಗರ ಅನ್ನುತ್ತಂತೆ, ಕಿತ್ತು ಬಿಸಾಕ್ತಾರೆ. ಕಛೇರಿಗೆ ಹೋಗೋದು ಬಿಟ್ಟಾಯ್ತು. ಮಿಕ್ಕಿರೋದು ನಾನು ಹಾಗಿದ್ದೆ, ನಾನು ಹೀಗಿದ್ದೆ ಅನ್ನೋದೊಂದೇ. ಅಷ್ಟೂ ಪುಸ್ತಕ ಟೈಪ್ ಮಾಡಿದವಳು ನಾನು. ಅದರಲ್ಲಿ ನನ್ನ ಹೆಸರು ಎಲ್ಲಿದೆ, ಹುಡುಕು ನೋಡೋಣ. ‘ನನ್ನ ಶ್ರೀಮತಿ’ ಅಂತ ಒಂದು ಕಡೆ ಇದೆ. ನಾನೇ ಸುಮ್ಮನಿದ್ದೀನಿ. ನಿನಗೇನಮ್ಮ ಅಷ್ಟು ಉರಿ?”

ಮಾಲಾ ತಲೆ ತಗ್ಗಿಸಿ ಹೇಳಿದಳು. “ಆ ಪುಸ್ತಕದಲ್ಲಿ ಬ್ಯಾಂಡ್‌ಸೆಟ್ಟಿನವರು ಒಬ್ರು ಬರ್ತಾರಲ್ಲ ಅಮ್ಮ, ಕ್ಲಾರಿಯೋನೆಟ್ ನುಡಿಸೋರು. ನಾನು ಅವರ ಮಗಳು.”

ಭಾನುಮತಿ ಅವಳನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದ ಬಿಗಿ ಸಡಿಲವಾಯಿತು. “ಪಕ್ಕದಲ್ಲಿ ಹಸಿರು ಲಂಗದ ಹುಡುಗಿ ಕೂತಿತ್ತು. ಹಾಲು ಕೊಟ್ರೆ ಬೇಡ ಅಂತ ಮುಖ ತಿರುಗಿಸ್ತು. ಅದು ನೀನಾ?”

“ಹೂಂ.”

“ಅಯ್ಯೋ...” ಭಾನುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಏನಮ್ಮ ಅವರ ಹೆಸರು? ಏನು ಹೆಸರು?”

“ಸಿದ್ದಪ್ಪಾಜಿ.”

“ಸಿದ್ದಪ್ಪಾಜಿ. ಹೌದು. ಹೌದು ಕಣಮ್ಮ.” ಅವರ ಕಣ್ಣು ತುಂಬಿತು. “ಆ ಅಧ್ಯಾಯ ಬರೆಯೋವಾಗ ಹೆಸರು ನೆನಪಾಗ್ಲಿಲ್ಲ ಇವರಿಗೆ. ಜಾಗ ಬಿಡು, ಆಮೇಲೆ ಹಾಕೋಣ ಅಂದ್ರು. ನನ್ನ ಕೇಳಿದ್ರು, ನನಗೂ ಹೊಳೀಲಿಲ್ಲ. ಹಳೇ ಪತ್ರಿಕೆ ಎಲ್ಲಾ ಗೆದ್ದಲು ಹಿಡಿದು ಹೋಗಿತ್ತು. ಯಾರ್ಯಾರಿಗೋ ಫೋನ್ ಮಾಡಿಸಿದ್ರು. ಹೆಸರು ಮರೆತೋಗಿದೆ ಅಂತಲೇ ಬರೀರಿ ಅಂದೆ ನಾನು. ಅದಕ್ಕೆ ಅವರಿಗೆ ನಾಚಿಕೆ. ಇಷ್ಟು ದೊಡ್ಡ ವಿಮರ್ಶಕ ಹೆಸರು ಮರೆತ ಅಂತಾರೆ ಅಂತ. ಕೊನೆಗೆ ಬಡಪಾಯಿ ಅಂತ ಹಾಕಿಸಿದ್ರು. ನಾನೇ ಟೈಪ್ ಮಾಡ್ದೆ.”

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ತಾತ್ಸಾರದಿಂದ ಕೈಬಿಟ್ಟ ಹೆಸರೆಂದು ಮಾಲಾ ನಂಬಿದ್ದಳು. ಅದು ಬರೀ ಮರೆವು, ಮರೆವನ್ನು ಒಪ್ಪಿಕೊಳ್ಳಲಾಗದ ನಾಚಿಕೆ. ಅವಳಿಗಾದರೋ ಹೆಸರು ಒಂದು ದಿನವೂ ಮರೆತಿರಲಿಲ್ಲ.

ಹೊರಡುವಾಗ ಭಾನುಮತಿ ಗೇಟಿನವರೆಗೂ ಬಂದರು. “ಸಭೆಗೆ ಬಾ. ತಪ್ಪಿಸ್ಕೋಬೇಡ. ನೀನು ಬರೆದದ್ದನ್ನ ಅವರು ಓದೋವಾಗ ನೀನೂ ಅಲ್ಲಿ ಕೂತಿರು.”

ಅದು ಶಿಕ್ಷೆಯೆಂದು ಮಾಲಾಳಿಗೆ ಅರ್ಥವಾಯಿತು. ಬರುತ್ತೇನೆ ಎಂದಳು.

ಭಾನುವಾರ ಅವ್ವನನ್ನೂ ಕರೆದುಕೊಂಡು ಹೋದಳು. ‘ದೊಡ್ಡೋರ ಸಬೆಗೆ ನಂಗ್ಯಾಕವ್ವ’ ಎಂದು ಅವ್ವ ಗೊಣಗಿದರೂ, ಪೆಟ್ಟಿಗೆಯಲ್ಲಿದ್ದ ನೀಲಿ ರೇಷ್ಮೆ ಸೀರೆ ಉಟ್ಟು ಮಗಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. ಅದೊಂದು ಸಣ್ಣ ಸಭಾಂಗಣ. ಸಂಗೀತದವರು, ನಿವೃತ್ತರು, ವಾಕಿಂಗ್ ಗೆಳೆಯರು ಸೇರಿದ್ದರು. ಹಿಂದಿನ ಸಾಲಿನಲ್ಲಿ ಗೋವಿಂದರಾಜು ಇನ್ನಿಬ್ಬರು ಅಧ್ಯಾಪಕರನ್ನು ಕಟ್ಟಿಕೊಂಡು ಬಂದು ಕೂತಿದ್ದರು. ಮಾಲಾಳನ್ನು ಕಂಡು ಕಣ್ಣು ಮಿಟುಕಿಸಿದರು. ತಮಾಷೆ ನೋಡಲು ಬಂದಿದ್ದರು.

ಸನ್ಮಾನ ಮುಗಿಯಿತು. ಮೈಸೂರು ಪೇಟ ತೊಟ್ಟು, ಶಾಲು ಹೊದ್ದ ವಾಗೀಶರು ಮೈಕಿನ ಮುಂದೆ ನಿಂತು, ಜೇಬಿನಿಂದ ಹಾಳೆ ತೆಗೆದು ಓದತೊಡಗಿದರು. ಅವರ ದನಿ ಇನ್ನೂ ಗಟ್ಟಿಯಾಗಿತ್ತು, ಓದು ಸೊಗಸಾಗಿತ್ತು. ಒಂದೊಂದು ಚುಚ್ಚುಮಾತನ್ನೂ ಅವರು ಹಾರ ಹಾಕಿಸಿಕೊಳ್ಳುವವರಂತೆ ಕತ್ತು ಬಾಗಿಸಿ ಓದಿದರು. ‘ನಂಬುವುದು ಕಷ್ಟ’ ಎಂಬಲ್ಲಿ ಸಭೆ ಕಿಸಕ್ಕೆಂದಿತು. ‘ಕುರ್ಚಿ’ ಬಂದಾಗ ಯಾರೋ ಕೆಮ್ಮಿ ನಗು ಮುಚ್ಚಿದರು. ಗೋವಿಂದರಾಜುವಿನ ಹೆಗಲು ಕುಲುಕುತ್ತಿತ್ತು. ವಾಗೀಶರು ಆ ನಗುವನ್ನು ಮೆಚ್ಚುಗೆಯೆಂದೇ ಎಣಿಸಿ, ತಾವೂ ನಕ್ಕು, ಆ ಸಾಲನ್ನು ಇನ್ನೊಮ್ಮೆ ಓದಿದರು. ಮೊದಲ ಸಾಲಿನಲ್ಲಿ ಭಾನುಮತಿ ನೇರವಾಗಿ ಕೂತಿದ್ದರು. ಅತ್ತಿತ್ತ ನೋಡಲಿಲ್ಲ.

ಮಾಲಾಳಿಗೆ ನೆಲ ಬಿರಿಯಬಾರದೇ ಎನ್ನಿಸಿತು. ತಾನು ಬರೆದ ಒಂದೊಂದು ಮಾತೂ ಅವರ ಬಾಯಲ್ಲಿ ಕೇಳುವಾಗ ಎಷ್ಟು ಸಣ್ಣತನದ್ದಾಗಿ ಕೇಳುತ್ತಿತ್ತು! ಪಕ್ಕದಲ್ಲಿ ಅವ್ವ ಪಿಸುಗುಟ್ಟಿದಳು. “ಇವ್ರೆಲ್ಲ ಯಾಕವ್ವ ನಗ್ತಾವ್ರೆ?”

“ಇದನ್ನ ಬರೆದ ಮಹಾನುಭಾವೆ ಇಲ್ಲೇ ಇದಾರೆ! ಬನ್ನಿಮ್ಮ, ಎರಡು ಮಾತಾಡಿ!” ಎಂದು ವಾಗೀಶರು ಕೈ ಬೀಸಿದರು.

ಅವಳು ಮೆಟ್ಟಿಲು ಹತ್ತಿದಳು. ಕೈಯಲ್ಲಿ ಪುಸ್ತಕವಿತ್ತು.

“ನಾನು ಬರೆದದ್ದರಲ್ಲಿ ಒಂದು ತಪ್ಪಿದೆ” ಎಂದಳು. ಭಾನುಮತಿ ತಟ್ಟನೆ ತಲೆಯೆತ್ತಿದರು. “ಈ ಪುಸ್ತಕದಲ್ಲಿ ಬಹಳ ದೊಡ್ಡ ಪುಟ ಒಂದಿದೆ. ಅದರ ಬಗ್ಗೆ ನಾನು ಒಂದು ಮಾತೂ ಬರೀಲಿಲ್ಲ. ಅದನ್ನ ಈಗ ಓದ್ತೀನಿ.”

ಓದಿದಳು. ಹೊಸ್ತಿಲಲ್ಲಿ ನಿಂತ ಹೊಸಬರು, ರಿಷಭ, ಉಸಿರಿನ ಕೊನೆಯ ಗಾಳಿ. ಮೊದಲು ಕೆಲವರು ಮುಂದಿನ ನಗುವಿಗಾಗಿ ಕಾದರು. ಆಮೇಲೆ ಕಾಯುವುದನ್ನು ಬಿಟ್ಟರು.

“ಆ ಕ್ಲಾರಿಯೋನೆಟ್ಟಿನವರ ಹೆಸರು ಸಿದ್ದಪ್ಪಾಜಿ. ಉದಯಗಿರಿಯ ಬ್ಯಾಂಡ್‌ಸೆಟ್‌ನಲ್ಲಿ ನುಡಿಸ್ತಿದ್ರು. ಮದುವೆಗೆ, ಮೆರವಣಿಗೆಗೆ. ಅವರು ನಮ್ಮಪ್ಪ.” ಪುಸ್ತಕ ಮುಚ್ಚಿದಳು. “ಪುಸ್ತಕದಲ್ಲಿ ಅವರ ಹೆಸರಿಲ್ಲ ಅಂತ ನನಗೆ ಕೋಪ ಬಂದಿತ್ತು. ನಾನು ಬರೆದದ್ದರಲ್ಲೂ ಇಲ್ಲ. ಇಷ್ಟು ವರ್ಷ ನಾನು ಕೆಲಸ ಮಾಡೋ ಜಾಗದಲ್ಲೂ ಹೇಳಿಲ್ಲ. ಹೇಳೋಕೆ ನಾಚಿಕೆ ಪಡ್ತಿದ್ದೆ. ಅಷ್ಟೇ.”

ಹಿಂದಿನ ಸಾಲಿನಲ್ಲಿ ಗೋವಿಂದರಾಜು ಮುಖ ತಗ್ಗಿಸಿದ್ದರು. ವಾಗೀಶರಿಗೆ ಅರ್ಧ ಕೇಳಿಸಿತ್ತು, ಅರ್ಧ ಇಲ್ಲ. ಭಾನುಮತಿ ಎದ್ದು ಬಂದು ಅವರ ಕಿವಿಯ ಹತ್ತಿರ ಬಾಗಿ ಹೇಳಿದರು. ಕೇಳುತ್ತಿದ್ದಂತೆ ಅವರ ಬಾಯಿ ತೆರೆದುಕೊಂಡಿತು. ಆಮೇಲೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನೋಡಿದ್ರಾ! ನೋಡಿದ್ರಾ! ನಾನು ಅವತ್ತು ಬೆಳಕಿಗೆ ತಂದ ಕಲಾವಿದನ ಮಗಳು ಇವತ್ತು ನನ್ನ ಪುಸ್ತಕಕ್ಕೆ ವಿಮರ್ಶೆ ಬರೆದಿದಾಳೆ! ಇದಕ್ಕಿಂತ ಏನ್ ಬೇಕು ಒಬ್ಬ ವಿಮರ್ಶಕನ ಜನ್ಮಕ್ಕೆ!”

ಚಪ್ಪಾಳೆ ಬಿತ್ತು. ಅದು ಯಾರಿಗೆ ಬಿದ್ದ ಚಪ್ಪಾಳೆಯೆಂದು ಮಾಲಾಳಿಗೆ ತಿಳಿಯಲಿಲ್ಲ. ಅಪ್ಪನಿಗೆ ಅಲ್ಲ ಎಂಬುದು ಮಾತ್ರ ಗೊತ್ತಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೋತವಳಂತೆ ಇಳಿದು ಬಂದಳು.

ಎಲ್ಲರೂ ತಿಂಡಿಯ ಕಡೆಗೆ ಹೋದ ಮೇಲೆ ವಾಗೀಶರು ಭಾನುಮತಿಯ ತೋಳು ಹಿಡಿದು ಮಾಲಾ ಮತ್ತು ಅವ್ವ ಇದ್ದಲ್ಲಿಗೆ ಬಂದರು. ಪೇಟ ಒಂದು ಕಡೆಗೆ ವಾಲಿತ್ತು. “ಸಿದ್ದಪ್ಪಾಜಿ. ಅದೇ ಹೆಸರು. ಎಷ್ಟು ಹುಡುಕಿದೆ ಗೊತ್ತೇನಮ್ಮ? ಇದಾರಾ?”

“ಇಲ್ಲ ಸರ್. ತೀರ್ಕೊಂಡ್ರು. ಇವರು ನಮ್ಮವ್ವ.”

ಅವರು ಪುಟ್ಟಲಿಂಗಮ್ಮನಿಗೆ ಕೈ ಮುಗಿದರು. ಏನೋ ಕೇಳಬೇಕೆಂದು ತುಟಿ ಆಡಿಸಿದರು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು. “ನನ್ನ ವಿಷಯ ಏನಾದ್ರೂ ಹೇಳ್ತಿದ್ರೇನಮ್ಮ?”

ಭಾನುಮತಿ ಕಣ್ಣು ಮುಚ್ಚಿಕೊಂಡರು. ಅವ್ವ ಅವರ ಕಿವಿಗೆ ಕೇಳುವಂತೆ ದನಿ ಎತ್ತರಿಸಿ ಹೇಳಿದಳು.

“ಏಳ್ತಿದ್ರು ಸ್ವಾಮಿ, ಯಾಕ್ ಏಳಾಕಿಲ್ಲ? ಮದ್ವೆ ಮನೆಗೆ ಎಲ್ರೂ ಉಣ್ಣಾಕೆ ಬತ್ತರೆ, ಅವ್ರೊಬ್ರು ಮಾತ್ರ ಕೇಳಾಕ್ ಬಂದಿದ್ರು ಅಂತಿದ್ರು. ಸಾಯೋಗಂಟ ಅಂತಿದ್ರು.”

ವಾಗೀಶರ ಮುಖ ಅರಳಿತು. “ಕೇಳಿದ್ಯಾ ಭಾನು? ಕೇಳಿದ್ಯಾ?” ಎಂದು ಹೆಂಡತಿಯ ತೋಳು ಅಲ್ಲಾಡಿಸಿದರು. ಮರುಗಳಿಗೆಯಲ್ಲಿ ಆ ಕಡೆ ಹೋಗುತ್ತಿದ್ದ ಯಾರನ್ನೋ ನಿಲ್ಲಿಸಿ, “ಇವರೇನು ಹೇಳ್ತಿದಾರೆ ಕೇಳಿ, ನನ್ನ ಬಗ್ಗೆ” ಎಂದು ಶುರು ಮಾಡಿದರು.

ಮಾಲಾ ಅವ್ವನನ್ನು ನೋಡಿದಳು. ಆ ಮಾತು ಸುಳ್ಳಲ್ಲ. ಅಪ್ಪನ ಬಾಯಲ್ಲಿ ಅವಳೂ ಅದನ್ನು ಸಾಕಷ್ಟು ಸಲ ಕೇಳಿದ್ದಳು. ಕೇಳಿದ್ದೂ, ನೆನಪಿದ್ದೂ, ಆ ವಿಮರ್ಶೆ ಬರೆದಿದ್ದಳು.

ಮರುದಿನ ಸ್ಟಾಫ್‌ರೂಮಿನಲ್ಲಿ ಗೋವಿಂದರಾಜು ಟೀ ಲೋಟ ಹಿಡಿದು ಪಕ್ಕಕ್ಕೆ ಬಂದರು. “ನೀವು ನಮ್ಮ ಹತ್ರ ಹೇಳ್ಬೋದಿತ್ತು ಮೇಡಂ. ಅದರಲ್ಲೇನು ನಾಚಿಕೆ?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಮಾಲಾ ತಲೆಯಾಡಿಸಿದಳು. ನಾಚಿಕೆ ಯಾವುದರದ್ದು, ಎಲ್ಲಿಂದ ಬಂತು ಎಂದು ಟೀ ಮುಗಿಯುವುದರೊಳಗೆ ಹೇಳುವಂತಿರಲಿಲ್ಲ.

ಅಪ್ಪನ ಬಗ್ಗೆ ಬೇರೆಯಾಗಿ ಬರೆದುಕೊಡುತ್ತೇನೆಂದು ನಾಗೇಂದ್ರನನ್ನು ಕೇಳಿದಳು. ಒಂದೇ ಪುಸ್ತಕದ ಸುತ್ತ ಮತ್ತೆ ಮತ್ತೆ ಆಗುವುದಿಲ್ಲ ಮೇಡಂ, ಒಂದಷ್ಟು ದಿನ ಬಿಟ್ಟು ನೋಡೋಣ ಎಂದ. ಅವಳು ಬರೆದಿಟ್ಟಳು. ಅದರಲ್ಲಿ ತಮಾಷೆಯ ಸಾಲು ಒಂದೂ ಇರಲಿಲ್ಲ. ಹೇಗೆ ಓದಿದರೂ ನಾಗೇಂದ್ರನಿಗೆ ಹಿಡಿಸುವಂಥದ್ದಲ್ಲವೆಂದು ಅವಳಿಗೇ ಅನ್ನಿಸಿತು.

ಮಳೆಗಾಲದ ಹೊತ್ತಿಗೆ ವಾಗೀಶರ ಪುಸ್ತಕ ಮರುಮುದ್ರಣವಾಯಿತು. ಪ್ರತಿಗಳು ಮಾರಾಟವಾಗಿದ್ದವೋ, ಅವರೇ ಹಂಚಿ ಮುಗಿಸಿದ್ದರೋ, ಯಾರೂ ಕೇಳಲಿಲ್ಲ. ಒಂದು ಪ್ರತಿ ಮಾಲಾಳ ಮನೆಗೆ ಬಂತು. ‘ಆ ಬಡಪಾಯಿ’ ಇದ್ದಲ್ಲೆಲ್ಲ ‘ಸಿದ್ದಪ್ಪಾಜಿಯವರು’ ಎಂದಾಗಿತ್ತು. ಕಣ್ಣಲ್ಲಿ ನೀರಾಡಿದ್ದು ಹಾಗೇ ಇತ್ತು, ಸದ್ದಿಲ್ಲದ ಕ್ರಾಂತಿಯೂ ಹಾಗೇ ಇತ್ತು. ಹಿಂಬದಿಯ ರಕ್ಷಾಪುಟದ ತುಂಬ ದಪ್ಪ ಅಕ್ಷರಗಳಲ್ಲಿ, ಇಂಥ ಕಿವಿಗೆ ರಾಗಗಳು ಋಣಿಯಾಗಿರಬೇಕು ಎಂಬ ಮಾತು. ಕೆಳಗೆ ಮಾಲಾಳ ಹೆಸರು.

ಅವ್ವ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇಂದ್ಗಡೆ ದಪ್ಪಗೆ ಏನೋ ಬರ್ದದಲ್ಲ, ಅದೇನವ್ವ?”

“ಅದು ಬೇಡ ಬುಡವ್ವ” ಎಂದು ಮಾಲಾ ಪುಸ್ತಕ ಈಸಿಕೊಂಡು, ಮದುವೆಯ ಪುಟ ತೆರೆದು, ಅಪ್ಪನ ಹೆಸರಿದ್ದಲ್ಲಿಂದ ಓದತೊಡಗಿದಳು.